ಪ್ರಾಸೆಸ್ ಓಡಿದ ಹೊತ್ತಿನ ಲೆಕ್ಕ ಏಕೆ ತಪ್ಪುತ್ತದೆ, ಅದರ ಸ್ಥಿತಿಯನ್ನು ಎಲ್ಲಿ ಉಳಿಸಬೇಕು?

ಪ್ರಶ್ನೆ: ಎಕ್ಸ್‌ವಿ6 ಎಂಬುದು ಪಾಠಕ್ಕೆಂದು ಬರೆದ ಪುಟ್ಟ ಆಪರೇಟಿಂಗ್ ಸಿಸ್ಟಮ್. ಅದರ ಕರ್ನಲ್‌ನ (ಯಂತ್ರವನ್ನು ನಡೆಸುವ ತಿರುಳಿನ) ರಿಸ್ಕ್-ವಿ ಪ್ರೊಸೆಸರ್ ಆವೃತ್ತಿಗೆ ಒಂದು ಸಿಸ್ಟಮ್ ಕಾಲ್ (ಪ್ರೋಗ್ರಾಮ್ ಕರ್ನಲ್‌ಗೆ ಸಲ್ಲಿಸುವ ಕೋರಿಕೆ) ಸೇರಿಸಿದ್ದೇನೆ. ಪ್ರತಿ ಪ್ರಾಸೆಸ್ ಎಷ್ಟು ಹೊತ್ತು ಸಿಪಿಯು ಬಳಸಿತು ಎಂದು ಅದು ಹೇಳಬೇಕು. ಟೈಮರ್ ಇಂಟರಪ್ಟ್ (ಸೆಕೆಂಡಿಗೆ 10 ಸಲ ಬರುವ ಗಡಿಯಾರದ ತಡೆ) ಬಂದಾಗ ಕ್ಲಾಕ್‌ಇಂಟರ್ ಫಂಕ್ಷನ್‌ನಲ್ಲಿ ಟಿಕ್ಸ್ ಎಂಬ ಎಣಿಕೆ ಏರುತ್ತದಲ್ಲ, ಅದೇ ಸಾಲಿನ ಕೆಳಗೆ ಆಗ ಓಡುತ್ತಿರುವ ಪ್ರಾಸೆಸ್‌ನ ಎಣಿಕೆಯನ್ನೂ ಒಂದು ಏರಿಸುತ್ತೇನೆ. ಮೂರು ಕೋರ್ ಇಟ್ಟುಕೊಂಡು, ಬರೀ ಲೂಪ್ ಸುತ್ತುವ ಮೂರು ಪ್ರೋಗ್ರಾಮ್‌ಗಳನ್ನು 10 ಸೆಕೆಂಡ್ ಓಡಿಸಿದೆ. ಒಟ್ಟು 300 ಟಿಕ್ ಬರಬೇಕಿತ್ತು, ಸುಮಾರು 100 ಬರುತ್ತಿದೆ. ಇನ್ನೊಂದು ಪ್ರೋಗ್ರಾಮ್ ಒಂದು ಟಿಕ್ ಮಲಗಿ, ಎದ್ದು ಸ್ವಲ್ಪ ಲೆಕ್ಕ ಮಾಡಿ, ಮತ್ತೆ ಮಲಗುತ್ತದೆ. ಅದರ ಸಮಯ ಯಾವಾಗಲೂ ಸೊನ್ನೆ. ಜೊತೆಗೆ ಎರಡು ಸಂದೇಹ: ರಿಜಿಸ್ಟರ್ (ಪ್ರೊಸೆಸರ್ ಒಳಗಿನ ಪುಟ್ಟ ಶೇಖರಣೆ ಜಾಗ) ಉಳಿಸಲು ಟ್ರ್ಯಾಪ್‌ಫ್ರೇಮ್, ಕಾಂಟೆಕ್ಸ್ಟ್ ಎಂದು ಎರಡು ಜಾಗ ಏಕೆ, ಫ್ಲೋಟಿಂಗ್ ಪಾಯಿಂಟ್ (ದಶಮಾಂಶ ಲೆಕ್ಕದ) ರಿಜಿಸ್ಟರ್‌ಗಳನ್ನು ಎಲ್ಲಿ ಇಡಲಿ? ಲಿನಕ್ಸ್‌ನ ಟಾಸ್ಕ್ ಸ್ಟ್ರಕ್ಟ್‌ನಲ್ಲಿ (ಪ್ರತಿ ಟಾಸ್ಕ್‌ಗೆ ಕರ್ನಲ್ ಇಡುವ ದಾಖಲೆ) ಸೇವ್ಡ್ ಸ್ಟೇಟ್ ಎಂಬ ಫೀಲ್ಡ್ ಇದೆ. ರಿಜಿಸ್ಟರ್‌ಗಳು ಅಲ್ಲಿರುತ್ತವೆಯೇ?

ಉತ್ತರ: ನೀವು ಕೇಳಿದ್ದು ಐದು ಸಂಗತಿ, ಆದರೆ ಬೇರು ಒಂದೇ. ಕರ್ನಲ್‌ನಲ್ಲಿ ಯಾವುದೇ ಅಂಕಿ ಕಂಡರೂ ಮೊದಲು ಕೇಳಬೇಕಾದ್ದು, ಇದು ಪ್ರಾಸೆಸ್‌ಗೆ ಸೇರಿದ್ದೋ, ಕೋರ್‌ಗೆ ಸೇರಿದ್ದೋ? ಪ್ರಾಸೆಸ್‌ನದ್ದಾದರೆ ಅದು ಪ್ರಾಸೆಸ್ ಹೋದಲ್ಲೆಲ್ಲ ಹೋಗಬೇಕು. ಕೋರ್‌ನದ್ದಾದರೆ ಅಲ್ಲೇ ಇರಬೇಕು. ಹೊತ್ತಿನ ಲೆಕ್ಕಕ್ಕೂ ಇದೇ, ರಿಜಿಸ್ಟರ್‌ಗೂ ಇದೇ.

ಮೊದಲು ಆ 100 ಟಿಕ್ ವಿಚಾರ. ಕ್ಲಾಕ್‌ಇಂಟರ್ ಫಂಕ್ಷನ್ ಇನ್ನೊಮ್ಮೆ ತೆಗೆದು ನೋಡಿ. ಟೈಮರ್ ಇಂಟರಪ್ಟ್ ಎಲ್ಲ ಕೋರ್‌ಗಳಿಗೂ ಬರುತ್ತದೆ, ಆದರೆ ಟಿಕ್ಸ್ ಏರಿಸುವ ಕೆಲಸ 0ನೇ ಕೋರ್‌ನದ್ದು ಮಾತ್ರ. ಅಲ್ಲೊಂದು ಇಫ್ ಇದೆ. ಎಲ್ಲರೂ ಏರಿಸಿದರೆ ಗಡಿಯಾರ ಮೂರು ಪಟ್ಟು ಜೋರಾಗಿ ಓಡುತ್ತದೆ, ಅಲ್ವಾ? ನಿಮ್ಮ ಸಾಲು ಆ ಇಫ್‌ನ ಒಳಗೆ ಕೂತಿದೆ. ಹಾಗಾಗಿ 0ನೇ ಕೋರ್‌ನಲ್ಲಿ ಓಡುತ್ತಿದ್ದ ಪ್ರಾಸೆಸ್‌ಗೆ ಮಾತ್ರ ಲೆಕ್ಕ ಬೀಳುತ್ತದೆ, ಉಳಿದ ಎರಡು ಕೋರ್‌ಗಳಲ್ಲಿ ದುಡಿದವರದ್ದು ಪುಕ್ಕಟೆ. 10 ಸೆಕೆಂಡಿಗೆ 100 ಟಿಕ್, ಲೆಕ್ಕ ಸರಿಯಾಗಿ ಕೂರುತ್ತದೆ. ಟಿಕ್ಸ್ ಇಡೀ ಯಂತ್ರದ್ದು, ಒಂದೇ ಇರಬೇಕು. ನಿಮ್ಮ ಎಣಿಕೆ ಪ್ರಾಸೆಸ್‌ನದ್ದು, ಅದು ಪ್ರತಿ ಕೋರ್‌ನಲ್ಲೂ ನಡೆಯಬೇಕು. ಸಾಲನ್ನು ಇಫ್‌ನ ಹೊರಗೆ ತನ್ನಿ, 300ರ ಹತ್ತಿರ ಬರುತ್ತದೆ. ಹೊರಗೆ ತಂದ ಮೇಲೆ, ಆ ಕೋರ್‌ನಲ್ಲಿ ಯಾವ ಪ್ರಾಸೆಸ್ಸೂ ಇಲ್ಲದಿದ್ದಾಗ ಪಾಯಿಂಟರ್ ಸೊನ್ನೆ ಇರುತ್ತದೆ ಎನ್ನುವುದನ್ನೂ ನೋಡಿಕೊಳ್ಳಿ.

ಇಷ್ಟಕ್ಕೇ ನಿಲ್ಲಬೇಡಿ. ಮಲಗಿ ಏಳುವ ಪ್ರೋಗ್ರಾಮ್‌ನ ಸೊನ್ನೆ ಇದಕ್ಕಿಂತ ಆಳದ ತೊಂದರೆ.

ಎಕ್ಸ್‌ವಿ6ರಲ್ಲಿ ನಿದ್ದೆ ಮಾಡುವ ಪ್ರಾಸೆಸ್‌ನ್ನು ಎಬ್ಬಿಸುವುದು ಯಾರು? ಅದೇ ಟಿಕ್. 0ನೇ ಕೋರ್ ಟಿಕ್ಸ್ ಏರಿಸಿ, ಅದಕ್ಕಾಗಿ ಕಾಯುತ್ತಿದ್ದವರನ್ನೆಲ್ಲ ಎಬ್ಬಿಸುತ್ತದೆ. ಅಂದರೆ ನಿಮ್ಮ ಪ್ರೋಗ್ರಾಮ್ ಏಳುವುದು ಟಿಕ್ ಮುಗಿದ ಮರುಗಳಿಗೆ. ಎರಡು ಟಿಕ್ ನಡುವಿನ ಅಂತರ ಸೆಕೆಂಡಿನ ಹತ್ತನೇ ಒಂದು ಭಾಗ. ಅದು 20 ಮಿಲಿಸೆಕೆಂಡ್ ದುಡಿದು ಮಲಗಿದರೂ, 80 ಮಿಲಿಸೆಕೆಂಡ್ ದುಡಿದು ಮಲಗಿದರೂ, ಮುಂದಿನ ಟಿಕ್ ಬರುವ ಹೊತ್ತಿಗೆ ನಿದ್ದೆಯಲ್ಲೇ ಇರುತ್ತದೆ. ಗಂಟೆ ಹೊಡೆದಾಗ ಮಾತ್ರ ಹಾಜರಿ ಹಾಕುವ ಶಾಲೆಯಲ್ಲಿ, ಗಂಟೆ ಆದ ಮೇಲೆ ಬಂದು ಮುಂದಿನ ಗಂಟೆಗೆ ಮೊದಲೇ ಜಾಗ ಖಾಲಿ ಮಾಡುವ ಹುಡುಗನ ಹಾಗೆ. ಅವನು ದಿನವಿಡೀ ಅಲ್ಲೇ ಇದ್ದರೂ ಹಾಜರಿ ಪುಸ್ತಕದಲ್ಲಿ ಇಲ್ಲ.

ಎಣಿಕೆಯನ್ನು ಇಫ್‌ನ ಹೊರಗೆ ತಂದರೆ ಇದು ಅರ್ಧಂಬರ್ಧ ಸರಿಹೋದಂತೆ ಕಾಣಬಹುದು. ಬೇರೆ ಕೋರ್‌ಗಳ ಟೈಮರ್ 0ನೇ ಕೋರ್‌ಗಿಂತ ತುಸು ಹಿಂದೆ ಮುಂದೆ ಬಡಿಯುತ್ತದೆ. ಹಾಗಾಗಿ ಆ ಪ್ರೋಗ್ರಾಮ್ ಬೇರೆ ಕೋರ್‌ನಲ್ಲಿ ಎದ್ದರೆ ಒಮ್ಮೊಮ್ಮೆ ಸಿಕ್ಕಿಬೀಳುತ್ತದೆ. ಸಿಕ್ಕಿಬಿದ್ದಾಗ 2 ಮಿಲಿಸೆಕೆಂಡ್ ಓಡಿದ್ದಕ್ಕೂ ಪೂರ್ತಿ 100 ಮಿಲಿಸೆಕೆಂಡಿನ ಬಿಲ್. ಟಿಕ್ ಲೆಕ್ಕ ಸರಾಸರಿಯಲ್ಲಿ ಸರಿ ಬರುವುದು ಪ್ರಾಸೆಸ್‌ನ ನಡೆಗೂ ಟಿಕ್‌ಗೂ ಸಂಬಂಧವೇ ಇಲ್ಲದಾಗ. ಇಲ್ಲಿ ಅದು ಏಳುವುದೇ ಟಿಕ್‌ನಿಂದ.

ಈ ಪದ್ಧತಿ ಹಳೆಯದು. 1975ರ ಯೂನಿಕ್ಸ್ ಆರನೇ ಆವೃತ್ತಿ ಪಿಡಿಪಿ-11 ಯಂತ್ರದಲ್ಲಿ ಇದನ್ನೇ ಮಾಡುತ್ತಿತ್ತು. ಸೆಕೆಂಡಿಗೆ 60 ಸಲ ಗಡಿಯಾರದ ಇಂಟರಪ್ಟ್. ಬಂದಾಗ ಯಂತ್ರ ಯೂಸರ್ ಮೋಡ್‌ನಲ್ಲಿದ್ದರೆ ಯೂಸರ್ ಎಣಿಕೆ ಏರಿಸು, ಇಲ್ಲದಿದ್ದರೆ ಸಿಸ್ಟಮ್ ಎಣಿಕೆ ಏರಿಸು. ಅಷ್ಟೇ. ಆ ಕಾಲದ ಯಂತ್ರಕ್ಕೆ ಅದಕ್ಕಿಂತ ಜಾಸ್ತಿ ಕೇಳುವುದು ತಪ್ಪಾಗುತ್ತಿತ್ತು. ಆದರೆ ಪದ್ಧತಿ ಹಾಗೇ ಉಳಿಯಿತು. 2007ರಲ್ಲಿ ಡ್ಯಾನ್ ತ್ಸಫ್ರಿರ್, ಯೋವ್ ಎಟ್ಸಿಯನ್, ಡ್ರೋರ್ ಫೈಟೆಲ್ಸನ್ ಎಂಬ ಮೂವರು ಸಂಶೋಧಕರು ಇದನ್ನೇ ಆಯುಧ ಮಾಡಿ ತೋರಿಸಿದರು. ಟಿಕ್ ಆದ ಕೂಡಲೇ ಎದ್ದು, ಮುಂದಿನ ಟಿಕ್‌ಗೆ ಸ್ವಲ್ಪ ಮೊದಲು ಮಲಗುವ ಪ್ರೋಗ್ರಾಮ್ ಒಂದು, ಯಾವ ವಿಶೇಷ ಅಧಿಕಾರವೂ ಇಲ್ಲದೆ ಸಿಪಿಯುವಿನ ಬಹುಪಾಲನ್ನು ನುಂಗಬಹುದು. ಲೆಕ್ಕದಲ್ಲಿ ಅದು ಬಡಪಾಯಿ, ಹಾಗಾಗಿ ಶೆಡ್ಯೂಲರ್ (ಮುಂದೆ ಯಾರು ಓಡಬೇಕೆಂದು ಆರಿಸುವ ಭಾಗ) ಅದಕ್ಕೇ ಮೊದಲ ಮಣೆ ಹಾಕುತ್ತದೆ. ನಿಮ್ಮ ಪರೀಕ್ಷೆಯ ಪ್ರೋಗ್ರಾಮ್ ಗೊತ್ತಿಲ್ಲದೇ ಅದನ್ನೇ ಮಾಡುತ್ತಿದೆ.

ಹಾಗಾದರೆ ಸರಿ ದಾರಿ ಯಾವುದು? ಟಿಕ್‌ನಲ್ಲಿ ಇಣುಕಿ ನೋಡುವುದನ್ನು ಬಿಡಿ. ಪ್ರಾಸೆಸ್ ಗಡಿ ದಾಟುವಾಗ ಗಡಿಯಾರ ನೋಡಿ. ರಿಸ್ಕ್-ವಿಯಲ್ಲಿ ಟೈಮ್ ಎಂಬ ರಿಜಿಸ್ಟರ್ ಇದೆ. ಯಂತ್ರವನ್ನು ಸಾಫ್ಟ್‌ವೇರ್‌ನಲ್ಲೇ ಅನುಕರಿಸುವ ಕ್ಯೂಎಮುವಿನ ವರ್ಟ್ ಯಂತ್ರದಲ್ಲಿ ಅದು ಸೆಕೆಂಡಿಗೆ 1 ಕೋಟಿ ಸಲ ಏರುತ್ತದೆ, ಅಂದರೆ ಒಂದು ಎಣಿಕೆಗೆ 100 ನ್ಯಾನೋಸೆಕೆಂಡ್. ಎಕ್ಸ್‌ವಿ6 ತನ್ನ ಟಿಕ್‌ಗೆ 10 ಲಕ್ಷ ಎಂದು ಹಾಕಿಕೊಂಡಿರುವುದು ಇದೇ ಎಣಿಕೆಯಲ್ಲಿ. ಸೈಕಲ್ ರಿಜಿಸ್ಟರ್ ಬಳಸಲು ಮನಸ್ಸಾಗುತ್ತದೆ, ಅದು ಇನ್ನೂ ಸಣ್ಣದಾಗಿ ಅಳೆಯುತ್ತದೆ. ಬಳಸಬೇಡಿ. ಅದು ಆಯಾ ಕೋರ್‌ನದ್ದು, ಒಂದು ಕೋರ್‌ನದ್ದಕ್ಕೂ ಇನ್ನೊಂದರದ್ದಕ್ಕೂ ತಾಳೆಯಾಗಬೇಕೆಂದಿಲ್ಲ. ಟೈಮ್ ಹಾಗಲ್ಲ. ಎಲ್ಲ ಕೋರ್‌ಗಳಲ್ಲೂ ಅದು ಒಂದು ಎಣಿಕೆಯೊಳಗೆ ಹೊಂದಿಕೊಂಡಿರಬೇಕು ಎಂದು ರಿಸ್ಕ್-ವಿಯ ನಿಯಮವೇ ಹೇಳುತ್ತದೆ.

ಪ್ರಾಸೆಸ್‌ನ ಸ್ಟ್ರಕ್ಟ್‌ಗೆ ಮೂರು ಫೀಲ್ಡ್ ಸೇರಿಸಿ: ಯೂಸರ್ ಸಮಯ, ಕರ್ನಲ್ ಸಮಯ, ಕೊನೆಯ ಗುರುತು. ಕೊನೆಯ ಗುರುತು ಎಂದರೆ ಹಿಂದಿನ ಸಲ ಗಡಿಯಾರ ನೋಡಿದಾಗ ಕಂಡ ಅಂಕಿ. ಆಮೇಲೆ ಒಂದು ಸಣ್ಣ ಫಂಕ್ಷನ್. ಈಗಿನ ಟೈಮ್ ಓದು, ಗುರುತಿನಿಂದ ಈಗಿನವರೆಗಿನ ಅಂತರವನ್ನು ಹೇಳಿದ ಖಾತೆಗೆ ಸೇರಿಸು, ಗುರುತನ್ನು ಈಗಿನದ್ದಕ್ಕೆ ಬದಲಿಸು. ಇದನ್ನು ನಾಲ್ಕು ಕಡೆ ಕರೆಯಬೇಕು.

ಶೆಡ್ಯೂಲರ್ ಒಂದು ಪ್ರಾಸೆಸ್‌ನ್ನು ಆರಿಸಿ ಅದಕ್ಕೆ ಸ್ವಿಚ್ ಮಾಡುವ ಮೊದಲು, ಗುರುತನ್ನು ಮಾತ್ರ ಹಾಕಿ, ಏನನ್ನೂ ಸೇರಿಸಬೇಡಿ. ಸ್ವಿಚ್‌ನಿಂದ ಶೆಡ್ಯೂಲರ್‌ಗೆ ವಾಪಸ್ ಬಂದ ಕೂಡಲೇ ಕರ್ನಲ್ ಖಾತೆಗೆ ಸೇರಿಸಿ. ಎಕ್ಸ್‌ವಿ6ರಲ್ಲಿ ಸಿಪಿಯು ಬಿಟ್ಟುಕೊಡುವುದು ಯಾವಾಗಲೂ ಕರ್ನಲ್ ಒಳಗಿನಿಂದಲೇ, ಹಾಗಾಗಿ ಇಲ್ಲಿ ಖಾತೆ ಯಾವುದು ಎಂಬ ಗೊಂದಲ ಇಲ್ಲ. ಯೂಸರ್ ಕಡೆಯಿಂದ ಕರ್ನಲ್ ಒಳಗೆ ಬಂದಾಗ ಓಡುವ ಯೂಸರ್‌ಟ್ರ್ಯಾಪ್ ಫಂಕ್ಷನ್‌ನ ಶುರುವಿನಲ್ಲಿ ಯೂಸರ್ ಖಾತೆಗೆ ಸೇರಿಸಿ. ಯೂಸರ್ ಕಡೆಗೆ ಮರಳುವ ದಾರಿಯಲ್ಲಿ, ಇಂಟರಪ್ಟ್ ಆಫ್ ಮಾಡಿದ ಮೇಲೆ, ಕರ್ನಲ್ ಖಾತೆಗೆ ಸೇರಿಸಿ. ಇಷ್ಟು ಮಾಡಿದರೆ ಯೂಸರ್, ಕರ್ನಲ್ ಎರಡೂ ಕೂಡಿದಾಗ ಪ್ರಾಸೆಸ್ ಕೋರ್ ಮೇಲೆ ಇದ್ದ ಒಟ್ಟು ಹೊತ್ತೇ ಬರುತ್ತದೆ. ನಡುವೆ ಎಲ್ಲೂ ಸೋರಿಕೆ ಇಲ್ಲ.

ಗುರುತನ್ನು ಪ್ರಾಸೆಸ್‌ನ ಸ್ಟ್ರಕ್ಟ್‌ನಲ್ಲಿ ಏಕೆ ಇಡಬೇಕು, ಕೋರ್‌ನ ಸ್ಟ್ರಕ್ಟ್‌ನಲ್ಲಿ ಇಟ್ಟರೆ ಆಗದೇ ಎಂದು ಕೇಳಬಹುದು. ಪ್ರಾಸೆಸ್ 1ನೇ ಕೋರ್‌ನಲ್ಲಿ ಕರ್ನಲ್ ಒಳಗೆ ಬಂದು, ಅಲ್ಲಿ ಡಿಸ್ಕ್‌ಗೆ ಕಾದು, 2ನೇ ಕೋರ್‌ನಲ್ಲಿ ಎದ್ದು ಹೊರಗೆ ಹೋಗಬಹುದು. ಸ್ವಿಚ್‌ನ ಎರಡೂ ಬದಿಯಲ್ಲಿ ಲೆಕ್ಕ ಕತ್ತರಿಸುವುದರಿಂದ ನಡುವಿನ ನಿದ್ದೆ ಲೆಕ್ಕಕ್ಕೆ ಬರುವುದಿಲ್ಲ, ಗುರುತು ಪ್ರಾಸೆಸ್‌ನ ಜೊತೆಗೇ ಹೋಗುತ್ತದೆ. ಕೋರ್‌ನ ಸ್ಟ್ರಕ್ಟ್‌ನಲ್ಲೂ ಇಡಬಹುದು, ತಪ್ಪೇನಿಲ್ಲ. ಆದರೆ ಆಗ ಸ್ವಿಚ್ ದಾಟಿ ಬಂದ ಕೋಡ್, ತಾನು ಯಾವ ಕೋರ್‌ನಲ್ಲಿದ್ದೇನೆ ಎಂದು ಪ್ರತಿ ಸಲ ಹೊಸದಾಗಿ ಕೇಳಬೇಕು. ಹಳೆಯ ಪಾಯಿಂಟರ್ ಕೈಯಲ್ಲಿ ಉಳಿದರೆ ಬೇರೆ ಕೋರ್‌ನ ಲೆಕ್ಕ ಕೆಡುತ್ತದೆ.

ಎರಡು ಎಚ್ಚರ. ಮೊದಲನೆಯದು, ಆ ಸಣ್ಣ ಫಂಕ್ಷನ್ ಓಡುವಾಗ ಇಂಟರಪ್ಟ್ ಆಫ್ ಇರಲೇಬೇಕು. ಅಂತರ ಸೇರಿಸಿ ಆಯಿತು, ಗುರುತು ಇನ್ನೂ ಬದಲಾಗಿಲ್ಲ, ಅಷ್ಟರಲ್ಲಿ ಟೈಮರ್ ಬಂದು ಪ್ರಾಸೆಸ್ ಬದಲಾದರೆ, ಶೆಡ್ಯೂಲರ್ ಹಳೆಯ ಗುರುತಿನಿಂದಲೇ ಅದೇ ಅಂತರವನ್ನು ಮತ್ತೊಮ್ಮೆ ಸೇರಿಸುತ್ತದೆ. ಮೇಲಿನ ನಾಲ್ಕೂ ಜಾಗಗಳಲ್ಲಿ ಇಂಟರಪ್ಟ್ ಆಫ್ ಇರುತ್ತದೆ, ನಾನು ಅವನ್ನು ಆರಿಸಿದ್ದೇ ಅದಕ್ಕೆ. ಆದರೆ ನಿಮ್ಮ ಸಿಸ್ಟಮ್ ಕಾಲ್ ತನ್ನದೇ ಸಮಯ ಓದುವಾಗ, ಈಗಿನ ತುಣುಕನ್ನೂ ಸೇರಿಸಲು ಇದೇ ಫಂಕ್ಷನ್ ಕರೆಯುತ್ತದೆ. ಅಲ್ಲಿ ಪುಷ್‌ಆಫ್, ಪಾಪ್‌ಆಫ್ (ಇಂಟರಪ್ಟ್ ಆಫ್ ಮಾಡುವ, ಮರಳಿಸುವ ಫಂಕ್ಷನ್‌ಗಳು) ನಡುವೆ ಕರೆಯಿರಿ. ಎರಡನೆಯದು, ಶೆಡ್ಯೂಲರ್‌ನಲ್ಲಿ ಪ್ರಾಸೆಸ್‌ನ ಲಾಕ್ ಬಿಡುವ ಮೊದಲೇ ಸೇರಿಸಿ ಮುಗಿಸಿ. ಎಕ್ಸಿಟ್ ಆದ ಪ್ರಾಸೆಸ್ ಜೋಂಬಿಯಾಗಿ (ಮುಗಿದರೂ ಸ್ಥಾನ ಇನ್ನೂ ಖಾಲಿಯಾಗದೆ) ಶೆಡ್ಯೂಲರ್‌ಗೆ ಬರುತ್ತದೆ. ಲಾಕ್ ಬಿಟ್ಟ ಮರುಕ್ಷಣ ಅದರ ಅಪ್ಪ ಪ್ರಾಸೆಸ್ ವೇಟ್‌ನಿಂದ ಎದ್ದು ಆ ಸ್ಥಾನವನ್ನು ಖಾಲಿ ಮಾಡಬಹುದು. ಆಮೇಲೆ ಸೇರಿಸಿದರೆ ಸತ್ತವನ ಸಮಯ ಮುಂದೆ ಅಲ್ಲಿ ಹುಟ್ಟುವವನ ತಲೆಗೆ.

ಹೊಸದಾಗಿ ಫೋರ್ಕ್ ಆದ (ಅಪ್ಪನ ನಕಲಾಗಿ ಹುಟ್ಟಿದ) ಪ್ರಾಸೆಸ್‌ಗೆ ಬೇರೆ ಏರ್ಪಾಡು ಬೇಡ. ಅದರ ಮೊದಲ ಓಟವೂ ಶೆಡ್ಯೂಲರ್‌ನಿಂದಲೇ ಶುರು, ಗುರುತು ಆಗಲೇ ಬೀಳುತ್ತದೆ. ಹೊಸ ಪ್ರಾಸೆಸ್‌ಗೆ ಸ್ಥಾನ ಕೊಡುವ ಅಲಾಕ್‌ಪ್ರಾಕ್‌ನಲ್ಲಿ ಎರಡೂ ಖಾತೆ ಸೊನ್ನೆ ಮಾಡಿದರೆ ಸಾಕು.

ಟೈಮ್ ಓದಿದ ಕೂಡಲೇ ಕರ್ನಲ್ ಪ್ಯಾನಿಕ್ ಆಗಿ, ಕಾರಣದ ಸಂಖ್ಯೆ 2 ಎಂದು ಬಂದರೆ, ಅದು ಅಕ್ರಮ ಇನ್‌ಸ್ಟ್ರಕ್ಷನ್ ಎಂಬ ದೂರು. ಸೂಪರ್‌ವೈಸರ್ ಮೋಡ್‌ಗೆ (ಕರ್ನಲ್ ಓಡುವ ಮಟ್ಟ) ಟೈಮ್ ಓದಲು ಮಷೀನ್ ಮೋಡ್ (ಅದಕ್ಕೂ ಮೇಲಿನ ಮಟ್ಟ) ಅನುಮತಿ ಕೊಡಬೇಕು. ಎಂಕೌಂಟರೆನ್ ರಿಜಿಸ್ಟರ್‌ನಲ್ಲಿ 2 ಎಂಬ ಬೆಲೆಯ ಬಿಟ್ ಏರಿಸಬೇಕು. ಈಚಿನ ಎಕ್ಸ್‌ವಿ6 ಟೈಮರ್ ಶುರು ಮಾಡುವಾಗ ಅದನ್ನು ಮಾಡುತ್ತದೆ. ನಿಮ್ಮದು ಹಳೆಯ ಪ್ರತಿಯಾದರೆ ನೀವೇ ಸೇರಿಸಿ. ನಿಜವಾದ ಬೋರ್ಡ್ ಮೇಲೆ ಓಡಿಸುವ ಯೋಚನೆ ಇದ್ದರೆ ಇನ್ನೊಂದು ಮಾತು. ಕೆಲವು ರಿಸ್ಕ್-ವಿ ಚಿಪ್‌ಗಳಲ್ಲಿ ಟೈಮ್ ರಿಜಿಸ್ಟರ್ ಹಾರ್ಡ್‌ವೇರ್‌ನಲ್ಲಿ ಇರುವುದಿಲ್ಲ. ಓದಿದಾಗಲೆಲ್ಲ ಫರ್ಮ್‌ವೇರ್‌ಗೆ ಟ್ರ್ಯಾಪ್ ಆಗಿ ಅದು ಉತ್ತರ ಕೊಡುತ್ತದೆ. ಪ್ರತಿ ಸಿಸ್ಟಮ್ ಕಾಲ್‌ಗೆ ಎರಡು ಸಲ ಓದುವುದು ಅಲ್ಲಿ ಭಾರವಾಗುತ್ತದೆ.

ಕ್ಯೂಎಮುವಿನಲ್ಲಿ ಒಂದು ವಿಚಿತ್ರ ಕಾಣಬಹುದು. ಅದೇ ಪ್ರೋಗ್ರಾಮ್, ಅದೇ ಕೆಲಸ, ಆದರೆ ನಿಮ್ಮ ಲ್ಯಾಪ್‌ಟಾಪ್‌ನಲ್ಲಿ ಬ್ರೌಸರ್ ಜೋರಾಗಿ ಓಡುವಾಗ ಸಮಯ ಜಾಸ್ತಿ ತೋರಿಸುತ್ತದೆ. ಕ್ಯೂಎಮುವಿನ ಒಂದೊಂದು ಕೋರ್ ನಿಮ್ಮ ಲ್ಯಾಪ್‌ಟಾಪ್‌ಗೆ ಒಂದೊಂದು ಥ್ರೆಡ್. ಆ ಥ್ರೆಡ್‌ನ್ನು ಲ್ಯಾಪ್‌ಟಾಪ್ ನಿಲ್ಲಿಸಿದಾಗಲೂ ಟೈಮ್ ಓಡುತ್ತಲೇ ಇರುತ್ತದೆ. ಆ ಹೊತ್ತು ನಿಮ್ಮ ಪ್ರಾಸೆಸ್ ಮೇಲೆ ಬೀಳುತ್ತದೆ. ಕ್ಲೌಡ್ ಯಂತ್ರಗಳಲ್ಲಿ ಲಿನಕ್ಸ್ ಇದನ್ನು ಸ್ಟೀಲ್ ಎಂಬ ಬೇರೆ ಖಾತೆಗೆ ಹಾಕುತ್ತದೆ, ಆದರೆ ಎಷ್ಟು ಕದ್ದೆ ಎಂದು ಹೈಪರ್‌ವೈಸರ್ (ಆ ಯಂತ್ರಗಳನ್ನು ನಡೆಸುವ ಸಾಫ್ಟ್‌ವೇರ್) ಹೇಳಿದರೆ ಮಾತ್ರ. ನಿಮಗೆ ಒಂದು ಕೋರ್ ಇಟ್ಟು ಐಕೌಂಟ್ ಆಯ್ಕೆಯಲ್ಲಿ ಓಡಿಸುವುದು ಸುಲಭ. ಆಗ ಕ್ಯೂಎಮುವಿನ ಗಡಿಯಾರ ಓಡಿಸಿದ ಇನ್‌ಸ್ಟ್ರಕ್ಷನ್‌ಗಳ ಲೆಕ್ಕದಲ್ಲಿ ಸಾಗುತ್ತದೆ.

ಇಂಟರಪ್ಟ್‌ನ ಹೊತ್ತು ಯಾರ ತಲೆಗೆ ಎಂಬುದು ಉಳಿಯಿತು. ಒಂದು ಪ್ರಾಸೆಸ್ ಡಿಸ್ಕ್ ಓದಲು ಕೇಳಿ ಮಲಗಿತು. ಡಿಸ್ಕ್ ಉತ್ತರ ಕೊಟ್ಟಾಗ ಇನ್ನೊಂದು ಓಡುತ್ತಿತ್ತು. ಇಂಟರಪ್ಟ್ ನೋಡಿಕೊಂಡ ಹೊತ್ತು ಆ ಎರಡನೆಯದರ ಖಾತೆಗೆ ಬೀಳುತ್ತದೆ. ಅನ್ಯಾಯವೇ, ಆದರೆ ನಿಮ್ಮ ಕರ್ನಲ್‌ಗೆ ಇದು ಚಿಲ್ಲರೆ. ಲಿನಕ್ಸ್‌ನಲ್ಲಿ ಬೇಕಿದ್ದರೆ ಇದನ್ನು ಕಳೆಯುವ ಸೌಲಭ್ಯ ಇದೆ. ನೀವು ತಲೆ ಕೆಡಿಸಿಕೊಳ್ಳಬೇಡಿ.

ಲಿನಕ್ಸ್ ಹೇಗೆ ಮಾಡುತ್ತದೆ ಎಂದು ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ಏಕೆಂದರೆ ಟಾಪ್ ಆಜ್ಞೆಯ ಅಂಕಿಗಳಿಗೆ ಹೋಲಿಸಿ ನೋಡುವ ಆಸೆ ನಿಮಗೆ ಬರುತ್ತದೆ. 2007ರ ಅಕ್ಟೋಬರ್‌ನಲ್ಲಿ ಬಂದ 2.6.23ನೇ ಆವೃತ್ತಿಯಲ್ಲಿ ಇಂಗೋ ಮೋಲ್ನಾರ್ ಅವರ ಸಿಎಫ್‌ಎಸ್ ಶೆಡ್ಯೂಲರ್ ಸೇರಿತು. ಅಲ್ಲಿಂದ ಪ್ರತಿ ಟಾಸ್ಕ್‌ನ ಒಟ್ಟು ಓಟವನ್ನು ನ್ಯಾನೋಸೆಕೆಂಡ್‌ನಲ್ಲಿ, ಗಡಿಯಾರ ಓದಿಯೇ ಅಳೆಯುತ್ತಾರೆ. 2023ರ 6.6ರಲ್ಲಿ ಇಇವಿಡಿಎಫ್ ಎಂಬ ಶೆಡ್ಯೂಲರ್ ಪದ್ಧತಿ ಬಂದು ಆಯ್ಕೆಯ ರೀತಿ ಬದಲಾದರೂ ಈ ಒಟ್ಟು ಹಾಗೇ ಇದೆ. ಆದರೆ ಯೂಸರ್ ಎಷ್ಟು, ಸಿಸ್ಟಮ್ ಎಷ್ಟು ಎಂಬ ಪಾಲು? ಸಾಮಾನ್ಯ ಪಿಸಿಯಲ್ಲಿ ಅದು ಇಂದಿಗೂ ಟಿಕ್ ಇಣುಕುನೋಟವೇ. ಸೆಕೆಂಡಿಗೆ 250 ಸಲವೋ 1000 ಸಲವೋ ಇಣುಕಿ ಎರಡು ಎಣಿಕೆ ಇಟ್ಟುಕೊಳ್ಳುತ್ತಾರೆ. ಯಾರಾದರೂ ಕೇಳಿದಾಗ, ನಿಖರವಾದ ಒಟ್ಟನ್ನು ಆ ಎರಡು ಎಣಿಕೆಗಳ ಅನುಪಾತದಲ್ಲಿ ಹಂಚಿ ಕೊಡುತ್ತಾರೆ. ಹಂಚಿದಾಗ ಒಂದು ಅಂಕಿ ಹಿಂದಿನ ಸಲಕ್ಕಿಂತ ಕಡಿಮೆ ಬರಬಹುದಲ್ಲ, ಅದಕ್ಕೆ ಹಿಂದೆ ಕೊಟ್ಟ ಉತ್ತರವನ್ನು ಟಾಸ್ಕ್‌ನಲ್ಲೇ ನೆನಪಿಟ್ಟು, ಅದಕ್ಕಿಂತ ಕೆಳಗೆ ಇಳಿಯದಂತೆ ನೋಡಿಕೊಳ್ಳುತ್ತಾರೆ. ಹಾಗಾಗಿ ಟೈಮ್ ಆಜ್ಞೆಯಲ್ಲಿ ಯೂಸರ್ ಮತ್ತು ಸಿಸ್ ಕೂಡಿದ ಮೊತ್ತವನ್ನು ನಂಬಿ. ಸಣ್ಣ ಓಟದಲ್ಲಿ ಅವುಗಳ ಪಾಲನ್ನು ನಂಬಬೇಡಿ. ನಾಲ್ಕೂ ಗಡಿಯಲ್ಲಿ ಅಳೆಯುವ ನಿಮ್ಮ ಕರ್ನಲ್ ಈ ಒಂದು ವಿಷಯದಲ್ಲಿ ಮಾಮೂಲಿ ಲಿನಕ್ಸ್‌ಗಿಂತ ನಿಖರ. ಅವರು ಹಾಗೆ ಮಾಡದಿರುವುದು ಗೊತ್ತಿಲ್ಲದೆ ಅಲ್ಲ. ಪ್ರತಿ ಸಿಸ್ಟಮ್ ಕಾಲ್‌ನಲ್ಲೂ ಗಡಿಯಾರ ಓದುವ ಖರ್ಚು ಬೇಡವೆಂದು. ಟಿಕ್‌ನ್ನೇ ನಿಲ್ಲಿಸಿದ ಕೋರ್‌ಗಳಲ್ಲಿ ಬೇರೆ ದಾರಿಯಿಲ್ಲ, ಅಲ್ಲಿ ಗಡಿಯಲ್ಲೇ ಅಳೆಯುತ್ತಾರೆ.

ಇನ್ನು ರಿಜಿಸ್ಟರ್. ಟ್ರ್ಯಾಪ್‌ಫ್ರೇಮ್‌ನಲ್ಲಿ 31 ಸಾಮಾನ್ಯ ರಿಜಿಸ್ಟರ್, ಅದರ ಮೇಲೆ ಕರ್ನಲ್‌ಗೆ ಬೇಕಾದ ಐದು ಅಂಕಿ, ಒಟ್ಟು 288 ಬೈಟ್. ಕಾಂಟೆಕ್ಸ್ಟ್‌ನಲ್ಲಿ ಬರೀ 14 ರಿಜಿಸ್ಟರ್, 112 ಬೈಟ್. ಏಕೆ ಹೀಗೆ? ಯೂಸರ್ ಪ್ರೋಗ್ರಾಮ್ ಯಾವ ಇನ್‌ಸ್ಟ್ರಕ್ಷನ್‌ನಲ್ಲಿ ಬೇಕಾದರೂ ತಡೆಯಲ್ಪಡಬಹುದು. ತಡೆ ಬರುತ್ತದೆ ಎಂದು ಅದಕ್ಕೆ ಗೊತ್ತೇ ಇಲ್ಲ, ಹಾಗಾಗಿ ಎಲ್ಲವನ್ನೂ ಉಳಿಸಬೇಕು. ಸ್ವಿಚ್ ಹಾಗಲ್ಲ. ಅದನ್ನು ಕರ್ನಲ್‌ನ ಸಿ ಕೋಡ್ ತಾನಾಗಿಯೇ ಒಂದು ಫಂಕ್ಷನ್‌ನಂತೆ ಕರೆಯುತ್ತದೆ. ಫಂಕ್ಷನ್ ಕರೆಯುವವನು ತನಗೆ ಬೇಕಾದ ತಾತ್ಕಾಲಿಕ ರಿಜಿಸ್ಟರ್‌ಗಳನ್ನು ಮೊದಲೇ ಸ್ಟ್ಯಾಕ್‌ನಲ್ಲಿ ಇಟ್ಟಿರುತ್ತಾನೆ ಎಂಬುದು ಕಂಪೈಲರ್ ಜೊತೆಗಿನ ಒಪ್ಪಂದ. ಕರೆಸಿಕೊಂಡವನು ಕಾಪಾಡಬೇಕಾದ್ದು ಎಸ್0ದಿಂದ ಎಸ್11ರವರೆಗೆ, ಸ್ಟ್ಯಾಕ್ ಪಾಯಿಂಟರ್, ಜೊತೆಗೆ ಮರಳುವ ವಿಳಾಸ. ಎಣಿಸಿ, 14. ಲಿನಕ್ಸ್ ಕೂಡ 64 ಬಿಟ್ ಇಂಟೆಲ್ ಯಂತ್ರದಲ್ಲಿ ಸ್ವಿಚ್ ಮಾಡುವಾಗ ಆರೇ ಆರು ರಿಜಿಸ್ಟರ್‌ಗಳನ್ನು ಸ್ಟ್ಯಾಕ್‌ಗೆ ತಳ್ಳಿ, ಸ್ಟ್ಯಾಕ್ ಪಾಯಿಂಟರ್ ಬದಲಿಸುತ್ತದೆ.

ಈ ಒಪ್ಪಂದವನ್ನು ಹಗುರವಾಗಿ ತೆಗೆದುಕೊಂಡರೆ ಏನಾಗುತ್ತದೆ ಎಂಬುದಕ್ಕೆ ಒಂದು ಪ್ರಸಿದ್ಧ ಕಥೆ ಇದೆ. ಯೂನಿಕ್ಸ್ ಆರನೇ ಆವೃತ್ತಿಯ ಸ್ವಿಚ್ ಕೋಡ್‌ನಲ್ಲಿ, ಇದು ನಿಮಗೆ ಅರ್ಥವಾಗಬೇಕೆಂಬ ನಿರೀಕ್ಷೆಯಿಲ್ಲ ಎಂಬ ಕಾಮೆಂಟ್ ಇತ್ತು. ಓದಿದವರು ಅದನ್ನು ಗರ್ವ ಎಂದುಕೊಂಡರು. ಯೂನಿಕ್ಸ್ ಕಟ್ಟಿದವರಲ್ಲೊಬ್ಬರಾದ ಡೆನಿಸ್ ರಿಚಿ ಆಮೇಲೆ ವಿವರಿಸಿದರು: ಅದು ಪರೀಕ್ಷೆಗೆ ಬರುವುದಿಲ್ಲ ಎನ್ನುವ ಧಾಟಿಯ ಮಾತು, ಅಷ್ಟೇ ಅಲ್ಲ, ನಿಜವಾಗಿ ನಮಗೂ ಅದು ಅರ್ಥವಾಗಿರಲಿಲ್ಲ. ಒಂದು ಫಂಕ್ಷನ್ ಉಳಿಸಿದ ಸ್ಟ್ಯಾಕ್ ಫ್ರೇಮ್‌ಗೆ ಹಾರಿ, ಬೇರೊಂದು ಫಂಕ್ಷನ್‌ನ ರಿಟರ್ನ್ ಕೋಡ್ ಮೂಲಕ ಮರಳುವ ತಂತ್ರ ಅದು. ಪಿಡಿಪಿ-11ರ ಕಂಪೈಲರ್ ಎಲ್ಲ ಫಂಕ್ಷನ್‌ಗೂ ಒಂದೇ ರೀತಿ ರಿಜಿಸ್ಟರ್ ಉಳಿಸುತ್ತಿದ್ದರಿಂದ ನಡೆದುಹೋಯಿತು. ಇಂಟರ್‌ಡೇಟಾ ಯಂತ್ರಕ್ಕೆ ಯೂನಿಕ್ಸ್ ಒಯ್ದಾಗ, ಅಲ್ಲಿನ ಕಂಪೈಲರ್ ಯಾವ ರಿಜಿಸ್ಟರ್ ಉಳಿಸಿದೆ ಎನ್ನುವುದರ ಮೇಲೆ ರಿಟರ್ನ್ ಕೋಡ್ ಬದಲಿಸುತ್ತಿತ್ತು, ತಂತ್ರ ಕೈಕೊಟ್ಟಿತು. ನೀವು ಕಾಂಟೆಕ್ಸ್ಟ್‌ನಿಂದ ಒಂದು ಎಸ್ ರಿಜಿಸ್ಟರ್ ತೆಗೆದು ನೋಡಿ. ಇಂದು ಓಡುತ್ತದೆ, ನಾಳೆ ಆಪ್ಟಿಮೈಸೇಶನ್ ಮಟ್ಟ ಬದಲಿಸಿದಾಗ ಬೀಳುತ್ತದೆ.

ಏನನ್ನು ಉಳಿಸಬಾರದು ಎಂಬುದೂ ಅಷ್ಟೇ ಮುಖ್ಯ. ಟಿಪಿ ರಿಜಿಸ್ಟರ್‌ನಲ್ಲಿ ಕರ್ನಲ್ ಒಳಗಿರುವಾಗ ಕೋರ್‌ನ ಸಂಖ್ಯೆ ಇರುತ್ತದೆ. ಅದು ಕೋರ್‌ನದ್ದು. ಕಾಂಟೆಕ್ಸ್ಟ್‌ಗೆ ಅದನ್ನೂ ಸೇರಿಸಿದರೆ, 1ನೇ ಕೋರ್‌ನಲ್ಲಿ ಮಲಗಿ 2ನೇ ಕೋರ್‌ನಲ್ಲಿ ಎದ್ದ ಪ್ರಾಸೆಸ್ ತಾನು ಇನ್ನೂ 1ರಲ್ಲೇ ಇದ್ದೇನೆ ಎಂದುಕೊಂಡು ಆ ಕೋರ್‌ನ ಸ್ಟ್ರಕ್ಟ್‌ಗೆ ಕೈ ಹಾಕುತ್ತದೆ. ಕರ್ನಲ್‌ವೆಕ್ ಫೈಲ್ ನೋಡಿ. ರಿಜಿಸ್ಟರ್‌ಗಳನ್ನೆಲ್ಲ ಮರಳಿ ತುಂಬುವಾಗ ಟಿಪಿಯನ್ನು ಬೇಕೆಂದೇ ಬಿಟ್ಟಿದ್ದಾರೆ, ಕಾಮೆಂಟ್ ಕೂಡ ಬರೆದಿದ್ದಾರೆ.

ಇದರ ಉಲ್ಟಾ ಉದಾಹರಣೆ, ಪ್ರಾಸೆಸ್‌ನಿಂದ ಶೆಡ್ಯೂಲರ್‌ಗೆ ಸ್ವಿಚ್ ಮಾಡುವ ಷೆಡ್ ಫಂಕ್ಷನ್‌ನಲ್ಲಿರುವ ಇಂಟೆನಾ. ಮೊದಲ ಲಾಕ್ ಹಿಡಿಯುವಾಗ ಇಂಟರಪ್ಟ್ ಆನ್ ಇತ್ತೇ ಎಂಬ ನೆನಪು ಅದು. ಕೂತಿರುವುದು ಕೋರ್‌ನ ಸ್ಟ್ರಕ್ಟ್‌ನಲ್ಲಿ, ಆದರೆ ನಿಜಕ್ಕೂ ಈ ಕರ್ನಲ್ ಥ್ರೆಡ್‌ಗೆ ಸೇರಿದ್ದು. ಅದಕ್ಕೇ ಸ್ವಿಚ್‌ಗೆ ಮೊದಲು ಅದನ್ನು ಲೋಕಲ್ ವೇರಿಯಬಲ್‌ಗೆ ಎತ್ತಿಟ್ಟು, ಮರಳಿದ ಮೇಲೆ, ಆಗ ಯಾವ ಕೋರ್‌ನಲ್ಲಿದ್ದರೆ ಅದಕ್ಕೆ ಬರೆಯುತ್ತಾರೆ. ಕರ್ನಲ್‌ಟ್ರ್ಯಾಪ್‌ನಲ್ಲಿ ಎಸ್‌ಇಪಿಸಿ (ತಡೆದ ಜಾಗದ ವಿಳಾಸ), ಎಸ್‌ಸ್ಟೇಟಸ್ (ಕೋರ್‌ನ ಸ್ಥಿತಿ) ಎರಡನ್ನೂ ಶುರುವಿನಲ್ಲಿ ಓದಿ ಕೊನೆಯಲ್ಲಿ ಮರಳಿ ಬರೆಯುವುದೂ ಇದಕ್ಕೇ. ನಡುವೆ ಬೇರೆ ಪ್ರಾಸೆಸ್ ಓಡಿ ತನ್ನ ಟ್ರ್ಯಾಪ್‌ಗಳಿಂದ ಅವನ್ನು ಅಳಿಸಿರಬಹುದು. ಎಕ್ಸ್‌ವಿ6ರಲ್ಲಿ ನನಗೆ ಅತಿ ಇಷ್ಟವಾದ ಸಾಲುಗಳು ಇವು. ಪುಸ್ತಕದ ಹತ್ತು ಪುಟ ಹೇಳದ್ದನ್ನು ಇವು ಹೇಳುತ್ತವೆ.

ಫ್ಲೋಟಿಂಗ್ ಪಾಯಿಂಟ್ ವಿಚಾರಕ್ಕೆ ಬರೋಣ. ಎಕ್ಸ್‌ವಿ6 ಅವನ್ನು ಉಳಿಸುವುದೇ ಇಲ್ಲ. ನೀವು ಸೇರಿಸಬೇಕು: 8 ಬೈಟ್‌ನ 32 ರಿಜಿಸ್ಟರ್, ಜೊತೆಗೆ ಫ್ಲೋಟ್ ಲೆಕ್ಕದ ನಿಯಂತ್ರಣ ರಿಜಿಸ್ಟರ್ ಎಫ್‌ಸಿಎಸ್‌ಆರ್. ಎಲ್ಲಿ ಉಳಿಸಬೇಕು? ಟ್ರ್ಯಾಪ್‌ಫ್ರೇಮ್‌ನಲ್ಲಿ ಪ್ರತಿ ಸಿಸ್ಟಮ್ ಕಾಲ್‌ಗೂ ಉಳಿಸುವುದು ದಂಡ. ಕರ್ನಲ್ ತಾನು ಅವನ್ನು ಮುಟ್ಟುವುದಿಲ್ಲ, ಆದ್ದರಿಂದ ಯೂಸರ್‌ನ ಅಂಕಿಗಳು ಹಾರ್ಡ್‌ವೇರ್‌ನಲ್ಲೇ ಸುರಕ್ಷಿತ. ಅಪಾಯ ಇರುವುದು ಬೇರೆ ಪ್ರಾಸೆಸ್ ಬಂದಾಗ. ಹಾಗಾಗಿ ಷೆಡ್‌ನಲ್ಲಿ, ಸ್ವಿಚ್‌ಗೆ ಮೊದಲು ಉಳಿಸಿ. ಎಸ್‌ಸ್ಟೇಟಸ್‌ನಲ್ಲಿ ಎಫ್‌ಎಸ್ ಎಂಬ ಎರಡು ಬಿಟ್ ಇವೆ: ಆಫ್, ಇನಿಶಿಯಲ್, ಕ್ಲೀನ್, ಡರ್ಟಿ. ಪ್ರಾಸೆಸ್ ಫ್ಲೋಟ್ ರಿಜಿಸ್ಟರ್‌ಗೆ ಬರೆದಾಗ ಹಾರ್ಡ್‌ವೇರ್ ಡರ್ಟಿ ಎಂದು ಗುರುತು ಹಾಕುತ್ತದೆ. ಡರ್ಟಿ ಇದ್ದರೆ ಮಾತ್ರ ಉಳಿಸಿ, ಕ್ಲೀನ್ ಮಾಡಿ. ಲಿನಕ್ಸ್ ರಿಸ್ಕ್-ವಿಯಲ್ಲಿ ಮಾಡುವುದೂ ಇದನ್ನೇ. ಮರಳಿ ತುಂಬುವುದನ್ನು ಸ್ವಿಚ್ ಆದ ಕೂಡಲೇ ಮಾಡುವುದಕ್ಕಿಂತ, ಯೂಸರ್ ಕಡೆ ಹೋಗುವ ಕೊನೆಯ ಹೆಜ್ಜೆಯಲ್ಲಿ ಮಾಡುವುದು ಮೇಲು. ಹೊಸ ಪ್ರಾಸೆಸ್ ಷೆಡ್‌ಗೆ ಮರಳುವುದಿಲ್ಲ, ಫೋರ್ಕ್‌ರೆಟ್ ಎಂಬ ಫಂಕ್ಷನ್‌ನಿಂದ ಶುರುವಾಗುತ್ತದೆ. ಕೊನೆಯ ಹೆಜ್ಜೆ ಮಾತ್ರ ಎಲ್ಲರಿಗೂ ಒಂದೇ. ಇಂಟೆಲ್ ಯಂತ್ರಗಳಿಗೆ ಲಿನಕ್ಸ್ ಕೂಡ 2019ರ 5.2ರಲ್ಲಿ ಈ ಕಡೆಗೆ ಹೊರಳಿತು.

ಇಲ್ಲಿ ಎಡವುವ ಜಾಗಗಳು ಹಲವು. ಎಕ್ಸ್‌ವಿ6 ಎಸ್‌ಸ್ಟೇಟಸ್‌ನ್ನು ಪ್ರಾಸೆಸ್ ಪ್ರಕಾರ ಉಳಿಸುವುದಿಲ್ಲ. ನೀವು ಒಮ್ಮೆ ಎಫ್‌ಎಸ್ ಆನ್ ಮಾಡಿ ಸುಮ್ಮನಾದರೆ, ಆ ಕೋರ್‌ಗೆ ಬರುವ ಮುಂದಿನ ಪ್ರಾಸೆಸ್‌ಗೆ ಹಿಂದಿನವನ ಅಂಕಿಗಳು ಕಾಣುತ್ತವೆ. ಎಫ್‌ಎಸ್ ಕೂಡ ಪ್ರಾಸೆಸ್‌ನದ್ದು ಎಂದು ಇಟ್ಟುಕೊಂಡು, ಪ್ರತಿ ಸಲ ಹೊರಡುವಾಗ ಬರೆಯಿರಿ. ಫೋರ್ಕ್‌ನಲ್ಲಿ ಮಗುವಿಗೆ ನಕಲು ಮಾಡುವ ಮೊದಲು ಅಪ್ಪನ ರಿಜಿಸ್ಟರ್‌ಗಳನ್ನು ಹಾರ್ಡ್‌ವೇರ್‌ನಿಂದ ಇಳಿಸಿಕೊಳ್ಳಿ. ಮೆಮೊರಿಯಲ್ಲಿರುವ ಪ್ರತಿ ಹಳತಾಗಿರಬಹುದು. ಹೊಸ ಪ್ರೋಗ್ರಾಮ್ ತುಂಬುವ ಎಕ್ಸೆಕ್‌ನಲ್ಲಿ ಎಲ್ಲ ಅಳಿಸಿ.

ಇನ್ನೂ ಜಾಣತನ ಮಾಡಿ, ಹಿಂದಿನವನ ಅಂಕಿಗಳನ್ನು ಹಾರ್ಡ್‌ವೇರ್‌ನಲ್ಲೇ ಬಿಟ್ಟು, ಹೊಸಬ ಫ್ಲೋಟ್ ಮುಟ್ಟಿದಾಗ ಟ್ರ್ಯಾಪ್ ಆಗಿ ಆಗ ಬದಲಿಸೋಣ ಎಂದು ಅನಿಸಬಹುದು. ಲೇಜಿ ಎಂದು ಕರೆಯುವ ಈ ಪದ್ಧತಿ ಬಹಳ ವರ್ಷ ನಡೆಯಿತು. 2018ರ ಜೂನ್‌ನಲ್ಲಿ ಬಯಲಾದ ಲೇಜಿಎಫ್‌ಪಿ ದೋಷ ಅದರ ಬೆಲೆ ತೋರಿಸಿತು. ಇಂಟೆಲ್‌ನ ಪ್ರೊಸೆಸರ್‌ಗಳು ಟ್ರ್ಯಾಪ್ ಆಗುವ ಮೊದಲೇ ಊಹೆಯ ಮೇಲೆ ಮುಂದೆ ಓಡಿ ಹಳೆಯ ಅಂಕಿಗಳನ್ನು ಬಳಸುತ್ತಿದ್ದವು, ಅದರಿಂದ ಬೇರೆ ಪ್ರಾಸೆಸ್‌ನ ಗುಟ್ಟು ಹೊರಗೆ ಎಳೆಯಬಹುದಿತ್ತು. ಕ್ರಿಪ್ಟೋಗ್ರಫಿಯ ಕೀಲಿಗಳು ಇಂಥ ರಿಜಿಸ್ಟರ್‌ಗಳಲ್ಲೇ ಇರುತ್ತವೆ ಎನ್ನುವುದನ್ನು ಮರೆಯಬೇಡಿ. ಲಿನಕ್ಸ್ 2016ರಲ್ಲೇ, ವೇಗದ ಮತ್ತು ಸರಳತೆಯ ಕಾರಣಕ್ಕೆ, ಲೇಜಿಯನ್ನು ಕೈಬಿಟ್ಟಿತ್ತು. ಹಳೆಯ ಕರ್ನಲ್ ಹಿಡಿದು ಕೂತವರು ಓಡಾಡಬೇಕಾಯಿತು.

ಕೊನೆಗೆ ಲಿನಕ್ಸ್‌ನ ಸೇವ್ಡ್ ಸ್ಟೇಟ್. ಇಲ್ಲ, ಅಲ್ಲಿ ಯಾವ ರಿಜಿಸ್ಟರ್ ಕೂಡ ಇಲ್ಲ. ಲಿನಕ್ಸ್ ಟಾಸ್ಕ್‌ನ ರಿಜಿಸ್ಟರ್‌ಗಳು ಅದರ ಕರ್ನಲ್ ಸ್ಟ್ಯಾಕ್‌ನಲ್ಲಿ ಮತ್ತು ಥ್ರೆಡ್ ಎಂಬ ಒಳ ಸ್ಟ್ರಕ್ಟ್‌ನಲ್ಲಿ ಇರುತ್ತವೆ. ಸೇವ್ಡ್ ಸ್ಟೇಟ್ ನೆನಪಿಡುವುದು ಟಾಸ್ಕ್ ಓಡುತ್ತಿದೆಯೇ, ಮಲಗಿದೆಯೇ ಎಂಬ ಒಂದು ಅಂಕಿಯನ್ನು. ಅದೇಕೆ ಬೇಕಾಯಿತು ನೋಡಿ. ಒಂದು ಘಟನೆಗಾಗಿ ಕಾಯುವ ಟಾಸ್ಕ್ ಮೊದಲು ತನ್ನನ್ನು ನಿದ್ದೆಯ ಸ್ಥಿತಿಗೆ ಗುರುತು ಮಾಡಿಕೊಳ್ಳುತ್ತದೆ, ಆಮೇಲೆ ಘಟನೆ ಆಯಿತೇ ಎಂದು ನೋಡುತ್ತದೆ, ಆಗಿಲ್ಲದಿದ್ದರೆ ಶೆಡ್ಯೂಲರ್‌ಗೆ ಹೋಗುತ್ತದೆ. ನೋಡುವಾಗ ಒಂದು ಸ್ಪಿನ್‌ಲಾಕ್ ಹಿಡಿಯಬೇಕಾಗಬಹುದು. ಮಾಮೂಲಿ ಕರ್ನಲ್‌ನಲ್ಲಿ ಸ್ಪಿನ್‌ಲಾಕ್ ಸುತ್ತುತ್ತಾ ಕಾಯುತ್ತದೆ, ತೊಂದರೆಯಿಲ್ಲ. ರಿಯಲ್ ಟೈಮ್ ಕರ್ನಲ್‌ನಲ್ಲಿ (ಗಡುವಿನೊಳಗೆ ಸ್ಪಂದಿಸಬೇಕಾದ ಕರ್ನಲ್) ಅದೇ ಸ್ಪಿನ್‌ಲಾಕ್ ಮಲಗುತ್ತದೆ. ಮಲಗಲು ಟಾಸ್ಕ್‌ನ ಸ್ಥಿತಿಯನ್ನು ಲಾಕ್‌ಗೆ ಕಾಯುತ್ತಿದೆ ಎಂದು ಬದಲಿಸಬೇಕು. ಆಗ ಮೊದಲು ಹಾಕಿಕೊಂಡ ಗುರುತು ಅಳಿಸಿಹೋಗುತ್ತದೆ. ಅದನ್ನು ಪಕ್ಕಕ್ಕೆ ಎತ್ತಿಡುವ ಜಾಗವೇ ಸೇವ್ಡ್ ಸ್ಟೇಟ್.

ಬರೀ ಎತ್ತಿಟ್ಟು ಮರಳಿ ಹಾಕಿದರೆ ಸಾಲದು. ಲಾಕ್‌ಗಾಗಿ ಮಲಗಿರುವಾಗಲೇ ಆ ನಿಜವಾದ ಘಟನೆ ಆಗಿ, ಯಾರೋ ಎಬ್ಬಿಸಿದರು ಎಂದಿಟ್ಟುಕೊಳ್ಳಿ. ಲಾಕ್ ಸಿಕ್ಕ ಮೇಲೆ ಟಾಸ್ಕ್ ಹಳೆಯ ನಿದ್ದೆಯ ಗುರುತನ್ನೇ ಮರಳಿ ಹಾಕಿಕೊಂಡರೆ, ಆ ಎಬ್ಬಿಸುವಿಕೆ ಕಳೆದುಹೋಗಿ ಅದು ಮತ್ತೆ ಏಳದೇ ಇರಬಹುದು. ಅದಕ್ಕೆ ಆ ಹೊತ್ತಿನಲ್ಲಿ ಬಂದ ಎಬ್ಬಿಸುವಿಕೆಯನ್ನು ಸೇವ್ಡ್ ಸ್ಟೇಟ್ ಮೇಲೆಯೇ ಬರೆಯುತ್ತಾರೆ. ಲಾಕ್ ಸಿಕ್ಕಾಗ ಮರಳಿ ಬರುವುದು ಎಚ್ಚರದ ಸ್ಥಿತಿ. ಇದು ಮುಖ್ಯ ಲಿನಕ್ಸ್‌ಗೆ ಬಂದಿದ್ದು 2021ರ 5.15ರಲ್ಲಿ, ಪೂರ್ತಿ ರಿಯಲ್ ಟೈಮ್ ಬೆಂಬಲ ಸೇರಿದ್ದು 2024ರ 6.12ರಲ್ಲಿ. ಎಕ್ಸ್‌ವಿ6ರ ಸ್ಪಿನ್‌ಲಾಕ್ ಎಂದೂ ಮಲಗುವುದಿಲ್ಲ. ಅದರ ಸ್ಲೀಪ್ ಫಂಕ್ಷನ್, ಪ್ರಾಸೆಸ್‌ನ ಲಾಕ್ ಹಿಡಿದ ಮೇಲಷ್ಟೇ ನಿದ್ದೆಯ ಗುರುತು ಹಾಕುತ್ತದೆ, ಆಮೇಲೆ ನೇರ ಷೆಡ್‌ಗೆ ಹೋಗುತ್ತದೆ. ನಡುವೆ ಇನ್ನೊಂದು ನಿದ್ದೆಗೆ ಅವಕಾಶವೇ ಇಲ್ಲ. ನೀವಾಗಿಯೇ ಮಲಗುವ ಸ್ಪಿನ್‌ಲಾಕ್ ಬರೆಯುವವರೆಗೆ ನಿಮಗೆ ಈ ಫೀಲ್ಡ್ ಬೇಡ.